ಮಚ್ಚಕ್ಕನ ಎರಡು ಗಂಟು

ನನ್ನ ನಾದಿನಿ ಇದುವರೆಗೆ ಎಷ್ಟು ಕೋಳಿಗಳ ಕುತ್ತಿಗೆ ಕುಯ್ದಿದ್ದಾಳೆ ಎಂದು ಒಂದು ಸಲ ಎಣಿಸಲು ಕೂತು ಅರ್ಧಕ್ಕೇ ಬಿಟ್ಟೆ. ದಿನಕ್ಕೆ ನಲವತ್ತು ಎಂದು ಹಿಡಿದರೂ ಮೂವತ್ತೊಂದು ವರ್ಷ. ಅವಳನ್ನು ಕೇಳಿದರೆ, "ಅದನ್ನೆಲ್ಲ ಎಣಿಸ್ತಾ ಕೂತ್ರೆ ನಿದ್ದೆ ಬರುತ್ತಾ ಅತ್ತಿಗೆ?" ಎಂದಳು. ಅವಳಿಗೆ ನಿದ್ದೆ ಚೆನ್ನಾಗಿಯೇ ಬರುತ್ತದೆ. ತಲೆ ದಿಂಬಿಗೆ ತಾಗಿದರೆ ಸಾಕು, ಗೊರಕೆ.

ಬೀದಿಯಲ್ಲಿ ಅವಳ ಹೆಸರು ಮಚ್ಚಕ್ಕ. ನಿಜವಾದ ಹೆಸರು ಆಸ್ಪತ್ರೆಯ ಫೈಲಿನಲ್ಲಿ ಮಾತ್ರ ಇದೆ.

ಅಂಗಡಿ ನನ್ನ ಗಂಡ ತೆರೆದದ್ದು. ಹತ್ತು ಅಡಿ ಅಗಲ, ಹದಿನಾಲ್ಕು ಅಡಿ ಉದ್ದ. ಬಾಗಿಲ ಪಕ್ಕ ಕೋಳಿಗಳ ಪಂಜರ. ಎಡಗೋಡೆಗೆ ತಗಡಿನ ಮೂರು ಕೊಳವೆ ಹೊಡೆದಿದೆ. ಕೋಳಿಯನ್ನು ಅದರೊಳಗೆ ತಲೆಕೆಳಗಾಗಿ ಇಳಿಸಿ, ಕೆಳಗಿನ ಕಂಡಿಯಿಂದ ತಲೆ ಎಳೆದು ಕುಯ್ಯುವುದು. ಮುಂದೆ ಹುಣಸೆ ಮರದ ಕೊರಡು, ಅದರ ಮೇಲೆ ಮಚ್ಚು. ಹಿಂದೆ ಬಿಸಿನೀರಿನ ಡ್ರಮ್ಮು ಮತ್ತು ಕಲ್ಲಿನ ಕಟ್ಟೆ. ಅದು ನನ್ನ ಜಾಗ.

ನನ್ನ ನಾದಿನಿ ಮೂವತ್ತನೆಯ ವಯಸ್ಸಿಗೆ, ಮೂರು ವರ್ಷದ ಮಗಳನ್ನು ಎತ್ತಿಕೊಂಡು, ಅಣ್ಣನ ಅಂಗಡಿಗೆ ಬಂದಳು. ಅವಳ ಗಂಡ ಬೇರೊಂದು ಸಂಸಾರ ಕಟ್ಟಿಕೊಂಡಿದ್ದ. ಬಂದ ದಿನವೇ ಸೆರಗು ಸಿಕ್ಕಿಸಿ ಮಚ್ಚು ಹಿಡಿದಳು. ನನ್ನ ಗಂಡ, "ಬೇಡ ಕಣೇ, ಇದು ಗಂಡಸರ ಕೆಲಸ" ಎಂದರು. "ಗಂಡಸರು ಮಾಡೋ ಕೆಲಸ ನೋಡಿಯೇ ಬಂದಿದ್ದೀನಿ ಅಣ್ಣ, ಆಚೆ ಸರಿ" ಎಂದಳು.

ನಮ್ಮ ಕೆಲಸದ ರೀತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳು ಕುಯ್ದು ಕೋಳಿಯನ್ನು ಹಿಂದಕ್ಕೆ ಜಾರಿಸುತ್ತಾಳೆ. ನಾನು ಬಿಸಿನೀರಿಗೆ ಅದ್ದಿ, ಪುಕ್ಕ ಕಿತ್ತು, ಹೊಟ್ಟೆ ಸೀಳಿ ಲಿವರ್ ನೋಡುತ್ತೇನೆ. ಕೆಂಪಗೆ ನುಣ್ಣಗೆ ಇದ್ದರೆ "ಸರಿ" ಎಂದು ಕೂಗಬೇಕು. ಬಿಳಿ ಚುಕ್ಕೆ ಇದ್ದರೆ, ಗಂಟು ಇದ್ದರೆ, "ಹೋಯ್ತು" ಎಂದು ಕೂಗಬೇಕು. ಅವಳು ತಿರುಗಿ ನೋಡುವುದಿಲ್ಲ. ಬೆನ್ನ ಹಿಂದೆ ಕೈ ಚಾಚುತ್ತಾಳೆ, ನಾನು ಕೋಳಿ ಇಡುತ್ತೇನೆ. ಸರಿ ಎಂದರೆ ಅದು ಕೊರಡಿನ ಮೇಲೆ, ಹೋಯ್ತು ಎಂದರೆ ಇಡಿಯಾಗಿ ಕಸದ ಡಬ್ಬಕ್ಕೆ. ತೊಡೆ ಚೆನ್ನಾಗಿದೆ, ಎದೆ ಚೆನ್ನಾಗಿದೆ ಎಂಬ ಮಾತೇ ಇಲ್ಲ. ನನ್ನ ಗಂಡ ಹಾಕಿದ ನಿಯಮ ಅದು: ಒಂದು ಕಡೆ ಕೆಟ್ಟಿದ್ದು ಎಲ್ಲ ಕಡೆ ಕೆಟ್ಟ ಹಾಗೆ. ಅವರು ಲಾರಿಗೆ ಸಿಕ್ಕಿ ತೀರಿಕೊಂಡ ಮೇಲೆ ನಾದಿನಿ ಆ ನಿಯಮವನ್ನು ಅವರಿಗಿಂತ ಬಿಗಿಯಾಗಿ ಹಿಡಿದಳು. ಒಮ್ಮೆ ಒಬ್ಬ ಹೋಟೆಲಿನ ಅಡುಗೆಯವನು ಡಬ್ಬದಿಂದ ಎರಡು ಕೋಳಿ ಎತ್ತಿ ಚೀಲಕ್ಕೆ ಹಾಕಿಕೊಂಡ. ಡಬ್ಬದ ತಗಡಿನ ಮುಚ್ಚಳದಿಂದಲೇ ಅವನ ಹಣೆ ಒಡೆದಳು. ಏಳು ಹೊಲಿಗೆ. ಅವನಿಗೆ ಹೊಲಿಗೆ ಹಾಕಿಸಲು ಕರೆದುಕೊಂಡು ಹೋದವಳೂ ಅವಳೇ. ದಾರಿಯುದ್ದಕ್ಕೂ ಬೈದಳು.

ಮೊದಲ ಗಂಟು ಬಂದಾಗ ಅವಳಿಗೆ ನಲವತ್ತೊಂದು. ಎಡ ಎದೆಯಲ್ಲಿ, ಕಡಲೆಕಾಳಿನಷ್ಟು. ಸ್ನಾನದ ಹೊತ್ತಿಗೆ ಕೈಗೆ ಸಿಕ್ಕಿತಂತೆ. ಮಧ್ಯಾಹ್ನ ಅಂಗಡಿ ತೊಳೆದು, ಒಬ್ಬಳೇ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದು, ನನಗೆ ಸಂಜೆ ಹೇಳಿದಳು. ಡಾಕ್ಟರಮ್ಮ ಎದೆ ತೆಗೆಯಬೇಕು ಎಂದಾಗ ಇವಳು ಕೇಳಿದ್ದು ಒಂದೇ ಮಾತು.

"ಅದೊಂದು ತೆಗೆದ್ರೆ ಸಾಕಾ ಡಾಕ್ಟ್ರೇ? ಒಂದು ಕಡೆ ಕೆಟ್ರೆ ಇಡೀದೇ ಹೋದ ಹಾಗಲ್ವಾ?"

"ಇಲ್ಲಮ್ಮ, ಬೇಗ ಬಂದಿದ್ದೀರಿ. ಇರೋ ಜಾಗದಲ್ಲೇ ಇದೆ. ಬೇರೆ ಕಡೆ ಹೋದ್ರೆ ಆಗ ಬೇರೆ ಮಾತು" ಎಂದರು ಡಾಕ್ಟರಮ್ಮ.

ಈ ಕೊನೆಯ ಮಾತನ್ನು ಅವಳು ಗಂಟು ಹಾಕಿಕೊಂಡಳು. ಹನ್ನೆರಡು ವರ್ಷ ಬಿಚ್ಚಲಿಲ್ಲ.

ಆಪರೇಷನ್ ಆದ ಮಾರನೆಯ ದಿನ ನರ್ಸಿನ ಮಣಿಕಟ್ಟು ಹಿಡಿದು, ಕುಯ್ದದ್ದನ್ನು ತೋರಿಸು ಎಂದು ಹಟ ಮಾಡಿದಳು. "ಕೆಟ್ಟಿದ್ದನ್ನ ನೋಡದೆ ನಾನು ಎಸೆಯೋಳಲ್ಲ." ನರ್ಸಿನ ಕೈ ನೀಲಿಗಟ್ಟಿತು. ನಾನು ಆ ಹುಡುಗಿಯ ಕ್ಷಮೆ ಕೇಳಿದೆ. ಆಮೇಲೆ ಔಷಧಿ, ಕರೆಂಟು ಶಾಖ. ಕೂದಲು ಉದುರಿತು, ಬಂತು. ಎಡಗೈ ಮಾತ್ರ ಊದಿಕೊಂಡಿತು, ಇಂದಿಗೂ ಬಲಗೈಗಿಂತ ಎರಡು ಬೆರಳು ದಪ್ಪ. ಆ ಕೈಗೆ ಗಾಯ ಆಗಬಾರದು ಎಂದು ಡಾಕ್ಟರಮ್ಮ ಹೇಳಿದ್ದರಿಂದ ಮೊಣಕೈವರೆಗಿನ ರಬ್ಬರ್ ಕೈಗವಸು ಹಾಕಿಕೊಂಡು ಕೋಳಿ ಹಿಡಿಯುತ್ತಾಳೆ. ಪ್ರತಿ ವರ್ಷ ಹೋಗಿ ತೋರಿಸಿಕೊಂಡಳು. ಪ್ರತಿ ವರ್ಷ ಏನೂ ಇಲ್ಲ ಎಂದರು.

ಇನ್ನು ಅವಳ ಮಗಳು. ಮೈಕೈ ಸಣ್ಣ, ದನಿ ಸಣ್ಣ, ಅದಕ್ಕೆ ಗುಬ್ಬಿ ಎನ್ನುತ್ತೇವೆ. ನಾನು ಅವಳಿಗೆ ಸೋದರಮಾವನ ಹೆಂಡತಿ. ಕೋಳಿಯ ನೆತ್ತರು ಕಂಡರೆ ಮುಖ ತಿರುಗಿಸುವವಳು. ಇಪ್ಪತ್ತಕ್ಕೆ ಮದುವೆ ಮಾಡಿದೆವು. ಹುಡುಗ ಲೇತ್ ಕೆಲಸದವನು, ಕಬ್ಬಿಣ ಕಡೆಯುವ ಶೆಡ್ಡಿನಲ್ಲಿ. ಕುಡಿಯುವುದಿಲ್ಲ, ಸೇದುವುದಿಲ್ಲ ಎಂದು ಎಲ್ಲರೂ ಹೊಗಳಿದರು. ನಿಜ, ಕುಡಿಯುತ್ತಿರಲಿಲ್ಲ. ಪೂರ್ತಿ ಎಚ್ಚರವಿದ್ದೇ ಹೊಡೆಯುತ್ತಿದ್ದ. ಹನ್ನೊಂದನೆಯ ತಿಂಗಳಿಗೆ ಗುಬ್ಬಿ ಬಾಯಿಗೆ ಟವೆಲು ಒತ್ತಿಕೊಂಡು ಅಂಗಡಿಗೆ ಬಂದಳು. ಟವೆಲು ತೆಗೆದಾಗ ಮುಂದಿನ ಎರಡು ಹಲ್ಲು ಇರಲಿಲ್ಲ.

ಮೊದಲು ಪೊಲೀಸ್ ಸ್ಟೇಷನ್ನಿಗೇ ಹೋದೆವು. ಅಲ್ಲಿನವರು ಕುರ್ಚಿಯಲ್ಲಿ ಹಿಂದಕ್ಕೊರಗಿ, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಲ್ವೇನಮ್ಮ?" ಎಂದರು.

"ಹಲ್ಲಿಲ್ಲದೆ ಹೇಗೆ ಉಣ್ಣೋದು ಸಾರ್?" ಎಂದು ಎದ್ದು ಬಂದಳು ನನ್ನ ನಾದಿನಿ.

ಮಾರನೆಯ ಬೆಳಿಗ್ಗೆ ಲೇತ್ ಶೆಡ್ಡಿಗೆ ಹೋದಳು. ಅಳಿಯ ಬಗ್ಗಿ ಕೆಲಸ ಮಾಡುತ್ತಿದ್ದ. ಅವನ ಬಲಗೈಯನ್ನು ಹಲಗೆಯ ಮೇಲೆ ಒತ್ತಿ ಹಿಡಿದು ಮಚ್ಚಿನ ಬೆನ್ನಿನಿಂದ ಬಡಿದಳು. ಎರಡು ಬೆರಳು ಮುರಿದವು. "ಇದು ಬೆನ್ನು. ಅಲಗು ನೀನಿನ್ನೂ ನೋಡಿಲ್ಲ" ಎಂದು ಹೇಳಿ ಹತ್ತು ಗಂಟೆಯ ಗಿರಾಕಿಗಳ ಹೊತ್ತಿಗೆ ಅಂಗಡಿಗೆ ವಾಪಸ್ಸು ಬಂದಳು. ಆ ಬೆರಳುಗಳು ಕೂಡಿದವು, ಆದರೆ ಪೂರ್ತಿ ಮಡಚಲು ಆಗಲಿಲ್ಲ.

ಅವನು ಅಂದಿನಿಂದ ನಮ್ಮ ಬೀದಿಗೆ ಕಾಲಿಡಲಿಲ್ಲ. ಮಾತು ಮಾತ್ರ ಕಳಿಸುತ್ತಿದ್ದ. "ನಿಮ್ಮಮ್ಮ ಒಂದೆದೆಯ ಹೆಂಗಸು. ಎಷ್ಟು ದಿನ ಇರ್ತಾಳೆ ನೋಡ್ತೀನಿ. ಅವಳ ಹೆಣ ಎತ್ತಿದ ದಿನ ನಿನ್ನ ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ." ಇದನ್ನು ಕೇಳಿದ ರಾತ್ರಿಗಳಲ್ಲೆಲ್ಲ ಗುಬ್ಬಿ ತಾಯಿಯ ಕಾಲ ಬಳಿ ಮಲಗುತ್ತಿದ್ದಳು. ಅವಳ ಬದುಕು ತಾಯಿಯ ಉಸಿರಿಗೆ ಕಟ್ಟಿದ ದಾರದ ಹಾಗೆ ಇತ್ತು. ಅದು ನಮ್ಮ ಮೂವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಹೀಗೆ ಐದು ವರ್ಷ.

ಆರನೆಯ ವರ್ಷ, ನಾದಿನಿಗೆ ಐವತ್ಮೂರು ತುಂಬಿದಾಗ, ಒಂದು ಹುಂಜ ಕೊಳವೆಯಿಂದ ಹಾರಿ ಅವಳ ಕುತ್ತಿಗೆಗೆ ಪರಚಿತು. ನೆತ್ತರು ಒರೆಸಿಕೊಳ್ಳುವಾಗ ಬೆರಳಿಗೆ ಏನೋ ತಾಗಿತು. ಗಂಟಲ ಗುಣಿಯ ಮೇಲೆ, ಸ್ವಲ್ಪ ಬಲಕ್ಕೆ, ಗೋಲಿಯಷ್ಟು ಗಟ್ಟಿ ಗಂಟು. ಆ ಹುಂಜವನ್ನು ಕುಯ್ದಳು, ನನ್ನ ಕಡೆ ಜಾರಿಸಿದಳು. ಇಪ್ಪತ್ತು ದಿನ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡೇ ಇದ್ದಳು. ಬೇಸಗೆಯಲ್ಲಿ, ಬಿಸಿನೀರಿನ ಡ್ರಮ್ಮಿನ ಪಕ್ಕ, ಯಾರು ಕುತ್ತಿಗೆಗೆ ಬಟ್ಟೆ ಸುತ್ತುತ್ತಾರೆ? ಇಪ್ಪತ್ತೊಂದನೆಯ ದಿನ ನಾನೇ ಸೆರಗು ಎಳೆದು ನೋಡಿದೆ.

"ಎಷ್ಟು ದಿನ ಆಯ್ತೇ?"

"ಇಡೀ ಕೋಳಿ ಹೋಯ್ತು ಬಿಡು ಅತ್ತಿಗೆ" ಎಂದಳು.

ಅವಳ ಲೆಕ್ಕ ಸರಳ. ಎದೆಯಲ್ಲಿ ಇದ್ದದ್ದು ಹನ್ನೆರಡು ವರ್ಷ ಒಳಗೊಳಗೇ ನಡೆದು ಕುತ್ತಿಗೆಗೆ ಬಂದಿದೆ. ಬೇರೆ ಕಡೆ ಹೋದರೆ ಬೇರೆ ಮಾತು ಎಂದು ಡಾಕ್ಟರಮ್ಮನೇ ಹೇಳಿದ್ದರು. ಎರಡು ಕಡೆ ಗಂಟು ಕಂಡ ಕೋಳಿಯನ್ನು ಅವಳು ಎಂದಾದರೂ ಮಾರಿದ್ದಾಳೆಯೇ? ನಿಜ ಹೇಳಬೇಕೆಂದರೆ ನಾನೂ ಹಾಗೆಯೇ ತಿಳಿದೆ. ನಮಗೆ ಗೊತ್ತಿದ್ದ ವಿದ್ಯೆ ಅಷ್ಟೇ.

ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಳೆಯ ಡಾಕ್ಟರಮ್ಮನೇ ಇದ್ದರು, ಕೂದಲು ಬೆಳ್ಳಗಾಗಿತ್ತು. ಕುತ್ತಿಗೆಗೆ ಸೂಜಿ ಚುಚ್ಚಿ ನೀರಿನಂಥದ್ದು ತೆಗೆದರು. ಇವಳು ರೆಪ್ಪೆ ಮಿಟುಕಿಸಲಿಲ್ಲ, ಮಂಚದ ಕಬ್ಬಿಣವನ್ನು ಮಾತ್ರ ಹಿಡಿದಿದ್ದಳು. ಎಂಟು ದಿನ ಬಿಟ್ಟು ಬನ್ನಿ ಎಂದರು. "ಈಗಲೇ ಏನೂ ಹೇಳೋಕಾಗಲ್ಲ, ಹಳೇದೂ ಇರಬಹುದು, ಇಲ್ಲದೆಯೂ ಇರಬಹುದು" ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು ಅವರ ಮಾತು. ಹೊರಗೆ ಬಂದು ನಾದಿನಿ, "ಎಂಟು ದಿನ ಸಾಕು" ಎಂದಳು. ಯಾವುದಕ್ಕೆ ಸಾಕು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಮೂರನೆಯ ದಿನ ಅಳಿಯ ಬಂದ. ಯಾರ ಬಾಯಿಂದ ತಿಳಿಯಿತೋ, ಕೆಟ್ಟ ಸುದ್ದಿಗೆ ಕಾಲು ಬೇಗ. ಎದುರಿನ ಸೈಕಲ್ ರಿಪೇರಿ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಕಡಲೆಕಾಯಿ ಸುಲಿದು ತಿನ್ನುತ್ತಾ ನೋಡುತ್ತಿದ್ದ. ಸಿಪ್ಪೆಯನ್ನು ನಮ್ಮ ಕಡೆ ಊದುತ್ತಿದ್ದ.

"ಏನತ್ತೆ, ಮಚ್ಚಿಗೆ ಮತ್ತೆ ತುಕ್ಕು ಹಿಡೀತಂತೆ?"

ನಾದಿನಿ ಕೊರಡಿನ ಮೇಲಿದ್ದ ಕೋಳಿಯನ್ನು ಹದಿನಾರು ತುಂಡು ಮಾಡುವ ಕಡೆ ಮೂವತ್ತು ತುಂಡು ಮಾಡಿದಳು. ಗಿರಾಕಿ ಹೆಂಗಸು, "ಇದೇನಕ್ಕ, ಮಗುವಿಗೆ ತುತ್ತು ಮಾಡ್ಕೊಟ್ಟ ಹಾಗೆ" ಎಂದಳು. ಗುಬ್ಬಿ ಪಂಜರದ ಹಿಂದೆ ಹೋಗಿ ಕೂತಳು, ಕೋಳಿಗಳ ನಡುವೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. ಅವನು ಸಂಜೆವರೆಗೆ ಕೂತು ಎದ್ದು ಹೋದ. ನಾಲ್ಕನೆಯ ದಿನವೂ ಬಂದ. ಐದನೆಯ ದಿನವೂ.

ಐದನೆಯ ದಿನ ಅಂಗಡಿ ತೊಳೆಯುವಾಗ ಅವಳು ನನಗೆ ಹೇಳಿದಳು.

"ಅತ್ತಿಗೆ, ನಾನು ಹೆಂಗಿದ್ರೂ ಹೋಗೋಳು. ಹೋಗೋ ಮುಂಚೆ ಅವನನ್ನ ಮುಗಿಸಿ ಹೋಗ್ತೀನಿ. ಜೈಲಿಗೆ ಹಾಕಿದ್ರೆ ಎಷ್ಟು ದಿನ ಹಾಕ್ತಾರೆ? ಆರು ತಿಂಗಳು ಅನ್ನ ಹಾಕ್ತಾರೆ, ಆಮೇಲೆ ಹೆಣ ಕೊಡ್ತಾರೆ. ಗುಬ್ಬಿ ಬದುಕ್ತಾಳೆ."

"ಹುಚ್ಚು ಮಾತಾಡ್ಬೇಡ. ರಿಪೋರ್ಟ್ ಬರಲಿ."

"ರಿಪೋರ್ಟಿನಲ್ಲಿ ಏನಿರುತ್ತೆ? ನೀನು ಲಿವರ್ ನೋಡಿ ಕೂಗೋದನ್ನೇ ಅವರು ಕಾಗದದ ಮೇಲೆ ಬರೀತಾರೆ."

ಸಿಟ್ಟಿನಲ್ಲಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಅವಳ ಸಿಟ್ಟು ಹಾಲು ಉಕ್ಕಿದ ಹಾಗೆ, ಒಲೆ ಆರಿಸಿದರೆ ಇಳಿಯುತ್ತದೆ. ಅಂದು ಅವಳು ನೆಲ ಉಜ್ಜುತ್ತಾ, ನಾಳೆ ಎಷ್ಟು ಕೋಳಿ ತರಿಸಬೇಕು ಎಂದು ಹೇಳುವ ದನಿಯಲ್ಲಿ ಹೇಳಿದಳು. ಆಮೇಲೆ ಕೊಳವೆಯ ಬಳಿ ಮೊಳೆಗೆ ತೂಗುಹಾಕಿದ ಸಣ್ಣ ಚೂರಿಯನ್ನು, ಕುತ್ತಿಗೆ ಕುಯ್ಯುವ ಚೂರಿಯನ್ನು, ಸಾಣೆಕಲ್ಲಿನ ಮೇಲೆ ಬಹಳ ಹೊತ್ತು ಮಸೆದಳು. ಅಂಗಡಿ ಮುಚ್ಚುವ ಹೊತ್ತಿನಲ್ಲಿ ಚೂರಿ ಮಸೆದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನಾವು ಮಸೆಯುವುದು ಬೆಳಿಗ್ಗೆ.

ಎಂಟನೆಯ ದಿನ ಅವಳು ಬರುವುದಿಲ್ಲ ಎಂದಳು. ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಎರಡು ತಾಸು ಕಾದ ಮೇಲೆ ಡಾಕ್ಟರಮ್ಮ ಒಳಗೆ ಕರೆದರು. ಕನ್ನಡಕ ಸರಿಮಾಡಿಕೊಂಡು ಕಾಗದ ಓದಿ, "ಕ್ಯಾನ್ಸರ್ ಹೌದು" ಎಂದರು. "ಆದ್ರೆ ಇದು ಹಳೇದಲ್ಲ. ಹೊಸದು, ಬೇರೆಯದೇ. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲೇ ಹುಟ್ಟಿದ್ದು. ಎದೆಯಿಂದ ಬಂದದ್ದಲ್ಲ."

"ಅಂದ್ರೆ ಹರಡಿದ್ದಲ್ವಾ ಡಾಕ್ಟ್ರೇ?"

"ಅಲ್ಲ. ಒಬ್ಬರಿಗೇ ಎರಡು ಸಲ, ಎರಡು ಬೇರೆ ಬೇರೆ ಕ್ಯಾನ್ಸರ್ ಬರೋದುಂಟು. ಒಂದಕ್ಕೊಂದು ಸಂಬಂಧ ಇರಲೇಬೇಕು ಅಂತಿಲ್ಲ. ಇದು ನಿಧಾನದ ಜಾತಿ. ಗ್ರಂಥಿ ತೆಗೆದು, ಒಂದು ಔಷಧಿ ಕುಡಿಸ್ತೀವಿ. ಹೆಚ್ಚಿನವರು ವರ್ಷಗಟ್ಟಲೆ ಬದುಕ್ತಾರೆ."

ನಾನು ಮೂರು ಸಲ ಕೇಳಿದೆ. ಮೂರು ಸಲವೂ ಅದೇ ಹೇಳಿದರು. ಕೊನೆಗೆ ನಾನು, "ಹಾಗಾದ್ರೆ ಇಡೀ ಕೋಳಿ ಹೋಗಿಲ್ವಾ?" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಮ್ಮ ಅಂಗಡಿಯ ನಿಯಮ ಹೇಳಿದೆ. ಅವರು ನಗಲಿಲ್ಲ. "ತಪ್ಪು ನಂದೂ ಇದೆ. ಅವತ್ತು ಪೂರ್ತಿ ಹೇಳ್ಬೇಕಿತ್ತು" ಎಂದರು. "ಹೋಗಿ ಹೇಳಿ, ಅವರು ಕೋಳಿ ಅಲ್ಲ ಅಂತ."

ಬಸ್ಸಿಳಿದು ಅಂಗಡಿಗೆ ಬರುವಾಗ ಹನ್ನೆರಡೂವರೆ. ಎದುರಿನ ಮೆಟ್ಟಿಲ ಮೇಲೆ ಅಳಿಯ ಇರಲಿಲ್ಲ. ಕೊರಡಿನ ಬಳಿ ನಾದಿನಿಯೂ ಇರಲಿಲ್ಲ. ಕೊರಡಿನ ಮೇಲೆ ಮಚ್ಚು ಇತ್ತು. ಮೊಳೆಯ ಮೇಲೆ ಚೂರಿ ಇರಲಿಲ್ಲ.

"ಅಮ್ಮ ಎಲ್ಲೇ?"

"ಅವನಿವತ್ತು ಬರಲಿಲ್ಲ ಅತ್ತೆ. ಕೆಲಸಕ್ಕೆ ಹೋಗಿರ್ತಾನೆ, ಅಲ್ಲೇ ಸಿಗ್ತಾನೆ ಅಂದಳು ಅಮ್ಮ" ಎಂದಳು ಗುಬ್ಬಿ.

ಲೇತ್ ಶೆಡ್ಡು ನಾಲ್ಕು ಬೀದಿ ಆಚೆ. ನಾನು ಓಡಿದೆ ಎಂದರೆ ಸುಳ್ಳು, ನನ್ನ ಮಂಡಿ ಓಡುವುದಿಲ್ಲ. ನಡೆದೆ, ಎಲ್ಲಿಯೂ ನಿಲ್ಲದೆ ನಡೆದೆ.

ನಾನು ಹೋಗುವ ಮುಂಚೆ ನಡೆದದ್ದನ್ನು ಆಮೇಲೆ ಆ ಶೆಡ್ಡಿನ ಇನ್ನೊಬ್ಬ ಕೆಲಸಗಾರ ಹೇಳಿದ. ಅವಳು ಒಳಗೆ ಬಂದದ್ದನ್ನು ಕಂಡು ಅಳಿಯ ಕಬ್ಬಿಣದ ಸರಳು ಎತ್ತಿ ಎಡಹೆಗಲಿಗೆ ಬಾರಿಸಿದ. ಮೂಳೆ ಮುರಿದ ಸದ್ದು ಯಂತ್ರದ ಸದ್ದಿನ ನಡುವೆಯೂ ಕೇಳಿಸಿತಂತೆ. ಅವಳು ಬೀಳಲಿಲ್ಲ. ಎರಡನೆಯ ಏಟಿಗೆ ಎತ್ತಿದಾಗ ಮಡಚದ ಎರಡು ಬೆರಳಿನಿಂದ ಸರಳು ಜಾರಿ ಕಾಲ ಮೇಲೆ ಬಿತ್ತು. ಅಷ್ಟು ಸಾಕಾಯಿತು ಅವಳಿಗೆ.

ನಾನು ಬಾಗಿಲಿಗೆ ಬಂದಾಗ ಅವನ ಎದೆ ಲೇತಿನ ಕಬ್ಬಿಣಕ್ಕೆ ಒತ್ತಿತ್ತು. ಅವಳ ಮೊಣಕಾಲು ಅವನ ಬೆನ್ನ ಮೇಲೆ. ಮುರಿದ ಹೆಗಲಿನ ಆ ಊದಿದ ಕೈಯಲ್ಲೇ ಅವನ ಕೂದಲು ಹಿಡಿದು, ಚೂರಿ ಹಿಡಿದ ಬಲಗೈಯ ಹೆಬ್ಬೆರಳನ್ನು ದವಡೆಯ ಕೆಳಗೆ ಇಟ್ಟು ತಲೆ ಹಿಂದಕ್ಕೆ ಎತ್ತಿದ್ದಳು. ಕೊಳವೆಯಲ್ಲಿ ಕೋಳಿಯ ತಲೆ ಹಿಡಿಯುವುದು ಹಾಗೆಯೇ. ಚೂರಿ ಕಿವಿಯ ಕೆಳಗೆ ತಾಗಿ ಒಂದು ಗೆರೆ ನೆತ್ತರು ಇಳಿಯುತ್ತಿತ್ತು, ನೆಲದ ಮೇಲಿನ ಕಬ್ಬಿಣದ ಸುರುಳಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಉಚ್ಚೆ ಹೊಯ್ದುಕೊಂಡಿದ್ದ. ಕೆಲಸಗಾರರು ಗೋಡೆಗೆ ಅಂಟಿ ನಿಂತಿದ್ದರು.

"ಡಾಕ್ಟ್ರು ಹೇಳಿದ್ರು ಕಣೇ. ಇದು ಹಳೇದಲ್ವಂತೆ."

"ಅತ್ತಿಗೆ, ಹೊರಗೆ ಹೋಗು. ಸೀರೆಗೆ ಸಿಡಿಯುತ್ತೆ."

"ಬೇರೆಯದಂತೆ. ಅಲ್ಲೇ ಹುಟ್ಟಿದ್ದಂತೆ. ತೆಗೆದ್ರೆ ಹೋಗುತ್ತಂತೆ, ನೀನು ಇರ್ತೀಯಂತೆ."

"ಇವನನ್ನ ಉಳಿಸೋಕೆ ಹೇಳ್ತಿದ್ದೀಯ. ನನ್ನನ್ನ ಜೈಲಿಂದ ತಪ್ಪಿಸೋಕೆ ಹೇಳ್ತಿದ್ದೀಯ."

ಕಾಗದ ತೋರಿಸಿದೆ. ಅವಳು ನೋಡಲಿಲ್ಲ. ನೋಡಿದ್ದರೂ ನಮ್ಮಿಬ್ಬರಲ್ಲಿ ಯಾರಿಗೆ ಅದು ಓದಲು ಬರುತ್ತಿತ್ತು? ಅವಳ ಹೆಬ್ಬೆರಳು ದವಡೆಯ ಮೇಲೆ ಬಿಗಿಯಾಯಿತು. ಆ ಬಿಗಿಯನ್ನು ನಾನು ಬಲ್ಲೆ. ಅದರ ಮುಂದಿನದು ಚೂರಿ ಎಳೆಯುವುದು.

ಅವಳ ಬೆನ್ನ ಹಿಂದೆ, ನನ್ನ ಕಟ್ಟೆಯಿಂದ ಕೊರಡಿಗೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ, ಹೋಗಿ ನಿಂತೆ. ಅಂಗಡಿಯಲ್ಲಿ ಕೂಗುವ ದನಿಯಲ್ಲೇ ಕೂಗಿದೆ.

"ಸರಿ."

ಯಾರೋ ಯಂತ್ರ ನಿಲ್ಲಿಸಿದರು. ಬೆಲ್ಟು ತಿರುಗಿ ತಿರುಗಿ ನಿಂತಿತು. ಅವಳು ಹಿಂದೆ ತಿರುಗಲಿಲ್ಲ.

"ಇನ್ನೊಂದು ಸಲ ಕೂಗು."

"ಸರಿ."

ಇಪ್ಪತ್ಮೂರು ವರ್ಷ ಆ ಕೂಗನ್ನು ನಂಬಿ ಊರಿಗೆಲ್ಲ ಕೋಳಿ ಕೊಟ್ಟವಳು ಅವಳು. ಒಂದು ದಿನವೂ ತಿರುಗಿ ಪರೀಕ್ಷೆ ಮಾಡಿದವಳಲ್ಲ. ಹೆಬ್ಬೆರಳು ಸಡಿಲವಾಯಿತು. ಚೂರಿಯನ್ನು ಅವನ ಅಂಗಿಯ ಬೆನ್ನಿಗೆ ಎರಡು ಕಡೆಯೂ ಒರೆಸಿದಳು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು.

"ನಿನ್ನ ಪುಣ್ಯ ಅಂದ್ಕೋಬೇಡ. ಇಷ್ಟು ದಿನ ನನಗೆ ಆರು ತಿಂಗಳಿದೆ ಅಂದ್ಕೊಂಡಿದ್ದೆ. ಈಗ ವರ್ಷಗಟ್ಟಲೆ ಇದೆಯಂತೆ. ಅಷ್ಟೂ ವರ್ಷ ನಿನ್ನನ್ನ ಕಾಯ್ತೀನಿ."

ಹೇಳಿ ಅವನ ಮುಖವನ್ನು ಒಂದೇ ಸಲ ಕಬ್ಬಿಣಕ್ಕೆ ಕುಕ್ಕಿ ಬಿಟ್ಟಳು. ಮೂಗು ಒಡೆಯಿತು. ಅದನ್ನು ನಾನು ತಡೆಯಲಿಲ್ಲ, ತಡೆಯುವ ಮನಸ್ಸೂ ಬರಲಿಲ್ಲ. ಶೆಡ್ಡಿನ ಮಾಲೀಕ ಬಂದು, ನನ್ನ ಜಾಗದಲ್ಲಿ ಕೊಲೆ ಗಿಲೆ ಬೇಡ ಎಂದು ಕೂಗಾಡಿದ. ದೂರು ಕೊಡುವ ಮಾತು ಬಂದಾಗ, ಮೊದಲ ಏಟು ಸರಳಿನದು ಎಂದು ಕೆಲಸಗಾರರಿಬ್ಬರೂ ಹೇಳಿದರು. ಅಲ್ಲಿಗೆ ಅದು ನಿಂತಿತು.

ಹೆಗಲ ಮೂಳೆ ಮುರಿದಿದ್ದರಿಂದ ಕುತ್ತಿಗೆಯ ಆಪರೇಷನ್ ಮೂರು ವಾರ ಮುಂದೆ ಹೋಯಿತು. ಏನಾಯಿತು ಎಂದು ಡಾಕ್ಟರಮ್ಮ ಕೇಳಿದರೆ, "ಕೋಳಿ ಒದೀತು" ಎಂದಳು. ಆ ಮೂರು ವಾರ ಅವಳ ಕೈ ಜೋಲಿಯಲ್ಲಿ. ಚೂರಿ ಹಿಡಿಯಬೇಕಾದವಳು ಗುಬ್ಬಿ. ಮೊದಲ ದಿನ ಎರಡು ಸಲ ವಾಂತಿ ಮಾಡಿದಳು. ತಾಯಿ ಹಿಂದೆ ನಿಂತು ಮೊಣಕೈಯಿಂದ ತಿವಿಯುತ್ತಿದ್ದಳು. "ಕುತ್ತಿಗೆ ನೋಡ್ಬೇಡ. ನಿನ್ನ ಹೆಬ್ಬೆರಳು ನೋಡು. ಒಂದೇ ಎಳೆತ. ಹೆದರಿ ಎರಡು ಸಲ ಎಳೆದ್ರೆ ಅದಕ್ಕೂ ನೋವು, ನಿನಗೂ ನೋವು." ನಾಲ್ಕನೆಯ ದಿನ ವಾಂತಿ ನಿಂತಿತು. ಹತ್ತನೆಯ ದಿನ ಒಂಬತ್ತು ಕೋಳಿ ಕುಯ್ದಳು. ಇಪ್ಪತ್ತನೆಯ ದಿನ ಮೂವತ್ತೆರಡು.

ಆಪರೇಷನ್ನಿನ ದಿನ ನಾನು ಜೊತೆಗೆ ಹೊರಟರೆ ನಾದಿನಿ ಬಿಡಲಿಲ್ಲ. "ಶಟರ್ ಎಳೆದ್ರೆ ಅವನಿಗೆ ಗೊತ್ತಾಗುತ್ತೆ. ನೀನು ನಿನ್ನ ಜಾಗದಲ್ಲಿರು." ಎದುರಿನ ಸೈಕಲ್ ಅಂಗಡಿಯವನು ಅವಳನ್ನು ಆಸ್ಪತ್ರೆಗೆ ಬಿಟ್ಟು, ಅಲ್ಲೇ ಕಾಯುತ್ತೇನೆ ಎಂದ.

ಶಟರ್ ತೆರೆದಿದ್ದರೂ ಅವನಿಗೆ ಗೊತ್ತಾಯಿತು. ಹನ್ನೊಂದು ಗಂಟೆಗೆ ಬಂದ. ಮೂಗಿನ ಮೇಲೆ ಇನ್ನೂ ಪಟ್ಟಿ ಇತ್ತು. ಮೂವರು ಗಿರಾಕಿಗಳಿದ್ದರು, ಅವರಲ್ಲೊಬ್ಬರು ವಯಸ್ಸಾದವರು.

"ಏನೇ, ಕುಯ್ಯೋಳ ಕುತ್ತಿಗೇನೇ ಕುಯ್ತಿದ್ದಾರಂತೆ ಇವತ್ತು? ಎದ್ದು ಬರಲ್ಲ ಅವಳು. ನಡಿ ಮನೆಗೆ."

ಅವನು ಒಳಗೆ ಬಂದು ಗುಬ್ಬಿಯ ಜಡೆಗೆ ಕೈ ಹಾಕಿ ಒಂದು ಸುತ್ತು ಸುತ್ತಿಕೊಂಡ. ಅವಳ ತಲೆ ಹಿಂದಕ್ಕೆ ಬಾಗಿತು. ನನ್ನ ಕೈಯಲ್ಲಿ ಆಗತಾನೇ ಸೀಳಿದ ಕೋಳಿ ಇತ್ತು, ಎರಡು ಕಿಲೋ ಮೇಲಿನದು. ನಾನು ಲಿವರ್ ನೋಡಿದೆ. ಅಂಥ ಹೊತ್ತಿನಲ್ಲೂ ಕಣ್ಣು ಅಲ್ಲಿಗೇ ಹೋಯಿತು, ಅಭ್ಯಾಸ. ಬಿಳಿ ಚುಕ್ಕೆಗಳು, ಸಾಸಿವೆಯಷ್ಟು ಸಾಸಿವೆಯಷ್ಟು.

"ಹೋಯ್ತು" ಎಂದೆ.

ಗುಬ್ಬಿ ಬೆನ್ನ ಹಿಂದೆ ಕೈ ಚಾಚಿದಳು, ತಾಯಿ ಚಾಚುವ ಹಾಗೆಯೇ. ನಾನು ಕೋಳಿಯ ಕಾಲುಗಳನ್ನು ಅವಳ ಮುಷ್ಟಿಗೆ ಇಟ್ಟೆ. ಅವಳು ತಿರುಗಿದ ರಭಸಕ್ಕೇ ಒದ್ದೆ ಕೋಳಿ ಅವನ ಕಿವಿಗೆ ಬಡಿಯಿತು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಕುಕ್ಕಿದ ಸದ್ದು. ಜಡೆ ಬಿಟ್ಟ. ಎರಡನೆಯದು ಮೂಗಿನ ಪಟ್ಟಿಯ ಮೇಲೆ. ಮೂರನೆಯದಕ್ಕೆ ಅವನು ಹಿಂದೆ ಹಿಂದೆ ಹೋಗಿ, ನೆಲದ ನೆತ್ತರಿಗೆ ಕಾಲು ಜಾರಿ, ಶಟರಿನ ಕಂಬಕ್ಕೆ ಬಾಯಿ ಬಡಿದುಕೊಂಡ. ಎದ್ದಾಗ ಒಂದು ಹಲ್ಲು ಅಂಗೈಯಲ್ಲಿತ್ತು. ಗುಬ್ಬಿ ಆಗ ಎಡಗೈಯಲ್ಲಿ ಕೋಳಿ ಹಿಡಿದೇ ಬಲಗೈಯಿಂದ ಮಚ್ಚು ಎತ್ತಿದಳು, ಅಲಗನ್ನು ಅವನ ಕಡೆ ಮಾಡಿ.

"ಇನ್ನೊಂದು ಬಾಕಿ ಇದೆ. ನನ್ನದು ಎರಡು ಹೋಗಿತ್ತು" ಎಂದಳು. ಅದೇ ಸಣ್ಣ ದನಿ.

ಅವನು ಬೀದಿಯ ತುದಿಯವರೆಗೆ ಓಡಿದ. ಆಮೇಲೆ ಆ ವಯಸ್ಸಾದವರು, "ಅಮ್ಮಾ, ಅದು ನನ್ನ ಕೋಳಿ ಅಲ್ವಷ್ಟೇ?" ಎಂದರು.

"ಅಲ್ಲ ತಾತ. ಅದು ಕೆಟ್ಟಿದ್ದು. ನಿಮಗೆ ಬೇರೆ ಕುಯ್ದು ಕೊಡ್ತೀನಿ" ಎಂದು ಗುಬ್ಬಿ ಅದನ್ನು ಇಡಿಯಾಗಿ ಡಬ್ಬಕ್ಕೆ ಎಸೆದಳು. ಕೈ ತೊಳೆದುಕೊಂಡಳು.

ಸಂಜೆ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ನಾದಿನಿ ಒರಗಿ ಕೂತಿದ್ದಳು. ಕುತ್ತಿಗೆಯ ಈ ಮೂಲೆಯಿಂದ ಆ ಮೂಲೆಗೆ ಪಟ್ಟಿ, ಪಕ್ಕದಿಂದ ಒಂದು ಸಣ್ಣ ನಳಿಗೆ. ದನಿ ಕೆಲವು ವಾರ ಬರುವುದಿಲ್ಲ ಎಂದಿದ್ದರು. ನಾನು ನಡೆದದ್ದನ್ನು ನಡೆದಷ್ಟೇ ಹೇಳಿದೆ. ಅವಳು ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಜಡೆಯನ್ನು ಕೈಯಲ್ಲಿ ಹಿಡಿದು ನೋಡಿದಳು. ತಾತನ ಮಾತಿಗೆ ಬಂದಾಗ ಸದ್ದಿಲ್ಲದೆ ನಗಲು ಶುರು ಮಾಡಿದಳು, ಹೊಲಿಗೆಯನ್ನು ಅಂಗೈಯಿಂದ ಒತ್ತಿಕೊಂಡು. ನರ್ಸ್ ಬಂದು ನಮ್ಮನ್ನು ಬೈದಳು.

ನಗು ನಿಂತ ಮೇಲೆ ಅವಳು ನನ್ನನ್ನು ಹತ್ತಿರ ಕರೆದಳು. ತನ್ನ ಹೊಟ್ಟೆಯ ಬಲಗಡೆ, ಲಿವರ್ ಇರುವ ಕಡೆ, ಬೆರಳಿಟ್ಟು ತೋರಿಸಿ ಹುಬ್ಬು ಏರಿಸಿದಳು. ಆ ಕೋಳಿ ನಿಜವಾಗಿ ಕೆಟ್ಟಿತ್ತೋ, ಅಥವಾ ಮಗಳ ಕೈಗೆ ಕೊಡಲೆಂದು ಕೂಗಿದೆಯೋ ಎಂದು ಕೇಳುತ್ತಿದ್ದಳು.

"ಕೆಟ್ಟಿತ್ತು ಕಣೇ" ಎಂದೆ. "ಸುಳ್ಳು ಕೂಗು ಕೂಗಿದ್ದೀನಾ ನಾನು ಯಾವತ್ತಾದ್ರೂ?"

ಅವಳು ಒಮ್ಮೆ ಮೆಲ್ಲಗೆ ತಲೆ ಆಡಿಸಿ, ಕಣ್ಣು ಮುಚ್ಚಿ, ಗೊರಕೆ ಹೊಡೆಯಲು ಶುರು ಮಾಡಿದಳು.

ಇದೆಲ್ಲ ಆಗಿ ಎಂಟು ವರ್ಷ. ಅವಳ ದನಿ ಬಂತು, ಹುಂಜದ ದನಿಯ ಹಾಗೆ ಒಡೆದು ಬಂತು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಸಣ್ಣ ಬಿಳಿ ಮಾತ್ರೆ ನುಂಗುತ್ತಾಳೆ. ಅಳಿಯ ಮತ್ತೆ ಬರಲಿಲ್ಲ. ಇನ್ನೊಂದು ಬೇರೆ ಗಂಟು ಬಂದರೂ ಬರಬಹುದು, ವರ್ಷ ವರ್ಷ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ವರ್ಷ ವರ್ಷ ಹೋಗುತ್ತಾಳೆ. ಕುತ್ತಿಗೆಯ ಗೆರೆಯನ್ನು ಈಗ ಸೆರಗಿನಿಂದ ಮುಚ್ಚುವುದಿಲ್ಲ. ಹೊಸ ಗಿರಾಕಿಗಳು ಅದನ್ನು ನೋಡಿ, ಅವಳ ಕೈಯ ಮಚ್ಚನ್ನು ನೋಡಿ, ಹೇಳಿದಷ್ಟು ತೂಕಕ್ಕೆ ಒಪ್ಪಿಕೊಂಡು ಹೋಗುತ್ತಾರೆ. ಕುಯ್ಯುವವಳು ಈಗ ಗುಬ್ಬಿ, ತುಂಡು ಮಾಡುವವಳು ಅವಳು, ಹಿಂದೆ ಕೂಗುವವಳು ನಾನೇ. ಕೆಟ್ಟ ಕೋಳಿಯನ್ನು ಇಂದಿಗೂ ಇಡಿಯಾಗಿಯೇ ಎಸೆಯುತ್ತೇವೆ.